ಸೀಟು ಹಿಡಿದ ಲ್ಯಾಪ್‌ಟಾಪ್

ನಮ್ಮ ಕಡೆಯ ಬಸ್‌ಸ್ಟ್ಯಾಂಡುಗಳಲ್ಲಿ, ಆಗತಾನೇ ಬಂದು ನಿಂತ ಬಸ್ಸಿನ ಕಿಟಕಿಯಿಂದ ಒಂದು ಟವೆಲ್ಲನ್ನು ಒಳಗೆಸೆದರೆ ಅದು ಬಿದ್ದ ಸೀಟು ಎಸೆದವನದಾಗುತ್ತದೆ. ಯಾವ ಕಾನೂನಿನ ಪುಸ್ತಕದಲ್ಲೂ ಇಲ್ಲದ ಈ ಹಕ್ಕು, ಪುಸ್ತಕದಲ್ಲಿರುವ ಎಲ್ಲ ಹಕ್ಕುಗಳಿಗಿಂತ ಹೆಚ್ಚು ನಿಷ್ಠೆಯಿಂದ ಪಾಲನೆಯಾಗುವುದನ್ನು ನೀವೂ ಕಂಡಿರಬಹುದು. ಕೊಡೆ, ಚೀಲ, ಮಡಚಿದ ಪತ್ರಿಕೆ, ಒಮ್ಮೆ ಒಂದು ಬಾಳೆಗೊನೆ ಕೂಡ ಶಿರಸಿಯ ತನಕ ಸೀಟು ಹಿಡಿದದ್ದನ್ನು ನಾನು ನೋಡಿದ್ದೇನೆ. ಆದರೆ ಲ್ಯಾಪ್‌ಟಾಪಿನಿಂದ ಸೀಟು ಹಿಡಿದ ಮಹಾನುಭಾವ ಬಹುಶಃ ನಾನೊಬ್ಬನೇ.

ಅಂದು ಸಿದ್ದಾಪುರದಲ್ಲಿ ಬಸ್ಸಿಗೆ ವಿಪರೀತ ಜನ. ಟವೆಲ್ಲನ್ನು ಊಟಕ್ಕೆ ಹೋದ ಮನೆಯಲ್ಲೇ ಮರೆತು ಬಂದಿದ್ದೆ. ಹೆಗಲಲ್ಲಿದ್ದ ಲ್ಯಾಪ್‌ಟಾಪಿನ ಕಪ್ಪು ಚೀಲವನ್ನು ಕಿಟಕಿಯಿಂದ ಮೆಲ್ಲಗೆ ಸೀಟಿನ ಮೇಲಿಳಿಸಿ, ಸಾಮ್ರಾಜ್ಯ ಗೆದ್ದವನ ನೆಮ್ಮದಿಯಿಂದ ಚಹಾ ಕುಡಿಯಲು ಹೋದೆ. ಮರಳಿ ಬಂದಾಗ ಚೀಲವಿರಲಿಲ್ಲ. ಸೀಟು ಮಾತ್ರ ಖಾಲಿಯಾಗಿಯೇ ಇತ್ತು. ಕದ್ದವನಿಗೂ ನನ್ನ ಹಕ್ಕಿನ ಬಗ್ಗೆ ಅಷ್ಟು ಗೌರವವಿತ್ತು. ಹಾವೇರಿ ಕಡೆಯವನಂತೆ ಮಾತಾಡುತ್ತಿದ್ದ ಕಂಡಕ್ಟರು, ಟವೆಲ್ ಹಾಕಿದ್ದರೆ ಯಾರೂ ಮುಟ್ಟುತ್ತಿರಲಿಲ್ಲವೆಂದು ಸಮಾಧಾನ ಹೇಳಿದ.

ಯಂತ್ರ ಹೋದದ್ದಕ್ಕೆ ನಾನು ಅಷ್ಟು ಅಳುತ್ತಿರಲಿಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ, ಹನ್ನೊಂದು ವರ್ಷಗಳಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ಅಪ್ಪೆಮಿಡಿ ಮರಗಳನ್ನು ಹುಡುಕಿಕೊಂಡು ತಿರುಗುತ್ತಿದ್ದೇನೆ. ಉಪ್ಪಿನಕಾಯಿಗೆಂದೇ ಹುಟ್ಟಿದ ಈ ಎಳೆಯ ಮಾವು ಮರದಿಂದ ಮರಕ್ಕೆ ಬೇರೆ. ಒಂದರಲ್ಲಿ ಜೀರಿಗೆಯ ಪರಿಮಳ, ಇನ್ನೊಂದರಲ್ಲಿ ಕರ್ಪೂರದ್ದು. ಹಾಗಾಗಿ ಒಳ್ಳೆಯ ಮರ ಎಲ್ಲಿದೆಯೆಂಬುದನ್ನು ಇಲ್ಲಿ ಯಾರೂ ಬಾಯಿಬಿಡುವುದಿಲ್ಲ. ಮಿಡಿ ಕೊಟ್ಟಾರು, ಭರಣಿಗಟ್ಟಲೆ ಉಪ್ಪಿನಕಾಯಿ ಕೊಟ್ಟಾರು, ಮರದ ದಾರಿ ಕೇಳಿದರೆ ಮಳೆ ಬೆಳೆಯ ಮಾತು ತೆಗೆಯುತ್ತಾರೆ. ಎಷ್ಟೋ ಮನೆಗಳಲ್ಲಿ ಆಣೆ ಭಾಷೆ ಮಾಡಿದ ಮೇಲಷ್ಟೇ ನನಗೆ ದಾರಿ ಸಿಕ್ಕಿತ್ತು. ಆ ದಾರಿ, ಚಿತ್ರ, ವಿವರಗಳೆಲ್ಲ ಆ ಲ್ಯಾಪ್‌ಟಾಪಿನಲ್ಲಿದ್ದವು. ಆ ಮರಗಳಲ್ಲಿ ಮೂರು ಈಗ ನೆಲದ ಮೇಲಿಲ್ಲ, ತೋರಿಸಿದ ಹಿರಿಯರೂ ಇಲ್ಲ. ಆ ಮೂರರ ಎಲೆ, ಮಿಡಿ, ಸೊನೆಯ ಚಿತ್ರಗಳು, ಯಾರ ಮನೆಗೆ ಅದರ ಕಸಿ ಹೋಗಿದೆಯೆಂಬ ವಿವರ ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲವೆಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಶಿರಸಿಯಲ್ಲಿ ಕಂಪ್ಯೂಟರ್ ಪಾಠ ಮಾಡುವ ನನ್ನ ಅಕ್ಕನ ಮಗಳು ಸುಮಾ ಎರಡು ವರ್ಷದ ಹಿಂದೆಯೇ ನನಗೆ ಮೂರು ಉಪದೇಶ ಮಾಡಿದ್ದಳು. ಯಂತ್ರದ ಸೀರಿಯಲ್ ನಂಬರನ್ನು ಬರೆದಿಡುವುದು. ಪಾಸ್‌ವರ್ಡ್ ಕೇಳುವ ಪರದೆಯ ಮೇಲೆಯೇ ಹೆಸರು, ಫೋನ್ ನಂಬರು ಕಾಣುವಂತೆ ಮಾಡುವುದು. ಒಳಗಿನದಕ್ಕೆಲ್ಲ ಬೇರೆಡೆ ಒಂದು ಪ್ರತಿ ಇಡುವುದು. ಎರಡನೆಯದನ್ನು ಅವಳೇ ಮಾಡಿಕೊಟ್ಟಿದ್ದರಿಂದ ಅದೊಂದು ಆಗಿತ್ತು. ಮೊದಲನೆಯದನ್ನು ಸೋಮಾರಿತನದಿಂದ ಬಿಟ್ಟಿದ್ದೆ. ಮೂರನೆಯದನ್ನು ತತ್ತ್ವನಿಷ್ಠೆಯಿಂದಲೇ ನಿರಾಕರಿಸಿದ್ದೆ: ಆಣೆ ಹಾಕಿ ಪಡೆದ ಮರಗಳನ್ನು ಎಲ್ಲೋ ಇರುವ ಕಂಪ್ಯೂಟರಿಗೆ ಒಪ್ಪಿಸುವುದುಂಟೇ? ಗುಟ್ಟನ್ನು ಎಷ್ಟು ಚೆನ್ನಾಗಿ ಕಾಯ್ದೆನೆಂದರೆ, ಕೊನೆಗೆ ನನಗೇ ಸಿಗದಂತೆ ಕಾಯ್ದೆ.

ಠಾಣೆಯಲ್ಲಿ ಗುರುತು ಕೇಳಿದಾಗ, ಕಪ್ಪು ಬಣ್ಣ, ಮುಚ್ಚಳದ ಮೇಲೆ ಸೊನೆಯ ಕಲೆ, ಮೂಸಿದರೆ ಉಪ್ಪಿನಕಾಯಿಯ ವಾಸನೆ ಎಂದು ಸಸ್ಯಶಾಸ್ತ್ರೀಯ ವರ್ಣನೆ ಕೊಟ್ಟೆ. ಅಲ್ಲಿದ್ದವರು ತಾಳ್ಮೆಯಿಂದ ಕೇಳಿ, ಸೀರಿಯಲ್ ನಂಬರು ತನ್ನಿ ಎಂದರು. ಅಟ್ಟದ ಮೇಲೆ ಗಣಪತಿಯ ದೀಪದ ಸರಗಳನ್ನು ತುಂಬಿಟ್ಟಿದ್ದ ಲ್ಯಾಪ್‌ಟಾಪಿನ ಹಳೆಯ ಡಬ್ಬಿಯ ತಳದಲ್ಲಿ ಅದು ಸಿಕ್ಕಿತು.

ಬಳಿಕ ಉಳಿದದ್ದು ಕಷ್ಟದ ಕೆಲಸ: ನಿಮ್ಮ ಗುಟ್ಟು ಕಳ್ಳನ ಪಾಲಾಯಿತೆಂದು ಮನೆಮನೆಗೆ ಹೋಗಿ ಹೇಳುವುದು. ಬೈಸಿಕೊಳ್ಳಲು ಸಿದ್ಧನಾಗಿಯೇ ಹೋದೆ. ಸೋಂದಾದ ಹಿರಿಯರೊಬ್ಬರು ಪೂರ್ತಿ ಕೇಳಿಸಿಕೊಂಡು, ಆ ಕಳ್ಳನಿಗೆ ಮರ ಹತ್ತಲು ಬರುತ್ತದೆಯೇ ಎಂದಷ್ಟೇ ವಿಚಾರಿಸಿದರು. ವಜ್ರಳ್ಳಿಯ ಗಂಗಕ್ಕ ಮಾತ್ರ ನಗಲಿಲ್ಲ. ಎಂಬತ್ತರ ಹತ್ತಿರದ ಈ ಗಂಗಕ್ಕನ ಮಿಡಿ ಈ ಸೀಮೆಗೇ ಹೆಸರುವಾಸಿ. ಆರು ವರ್ಷಗಳಿಂದ ನನಗೆ ಊಟ ಹಾಕಿದ್ದರು, ಮರ ಮಾತ್ರ ತೋರಿಸಿರಲಿಲ್ಲ; ಆದರೂ ಸುದ್ದಿ ಹೇಳಲು ಅವರಲ್ಲಿಗೂ ಹೋಗಿದ್ದೆ. ಸತ್ತುಹೋದ ಆ ಮೂರು ಮರಗಳ ಬಗ್ಗೆ ಕೆದಕಿ ಕೆದಕಿ ಕೇಳಿ, ಬೇರೆ ಯಾರಿಗೂ ಗೊತ್ತಿಲ್ಲವೇ ಎಂದರು. ಇಲ್ಲವೆಂದೆ.

ಇಪ್ಪತ್ತೊಂದನೆಯ ದಿನ ಯಲ್ಲಾಪುರದಿಂದ ಫೋನು ಬಂತು. ಮಾತಾಡಿದವನು ರಿಪೇರಿ ಅಂಗಡಿಯವನು. ಪಾಸ್‌ವರ್ಡ್ ತೆಗೆದುಕೊಡಿ ಎಂದು ಯಾರೋ ಯಂತ್ರ ಬಿಟ್ಟುಹೋಗಿದ್ದರಂತೆ; ಪರದೆ ಬೆಳಗಿದೊಡನೆ ಸುಮಾ ಬರೆದಿಟ್ಟ ನನ್ನ ಹೆಸರು, ನಂಬರು ಕಂಡಿತಂತೆ. ಠಾಣೆಗೆ ತಿಳಿಸಿ ನನಗೂ ಹೇಳುತ್ತಿದ್ದ. ಬಿಟ್ಟುಹೋದವನು ತಿರುಗಿ ಬರಲಿಲ್ಲ. ಡಬ್ಬಿಯ ನಂಬರು ತಾಳೆಯಾಯಿತು, ಕಾಗದಪತ್ರ ಮುಗಿಯಿತು, ಯಂತ್ರ ಕೈಗೆ ಬಂತು. ಠಾಣೆಯ ಬೆಂಚಿನ ಮೇಲೆಯೇ ಕುಳಿತು ತೆರೆದೆ. ಮೂರು ಮರಗಳೂ ಇದ್ದವು. ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಕೂತಿದ್ದವರು ಯಾವುದೋ ದೊಡ್ಡ ಕೇಸಿರಬೇಕೆಂದು ಸರಿದು ಜಾಗ ಕೊಟ್ಟರು.

ಈಗ ಪ್ರತಿಗಳಾಗಬೇಕಿತ್ತು, ಅದಕ್ಕೆ ಮತ್ತೆ ಮನೆಮನೆಯ ಅಪ್ಪಣೆ ಬೇಕಿತ್ತು. ಎಲ್ಲರೂ ಸಂತೋಷದಿಂದ ಒಪ್ಪಿದರು. ಹೆಚ್ಚಿನವರದು ಒಂದೇ ಷರತ್ತು, ಉಳಿದವರ ಮರವೆಲ್ಲ ಇರಲಿ, ತಮ್ಮದೊಂದನ್ನು ಬಿಟ್ಟು. ಸುಮಾ ಮರಗಳ ದಾರಿಯನ್ನು ಬೇರೆ ಕಡತ ಮಾಡಿ, ಅದಕ್ಕೆ ಬೇರೆ ಬೀಗ ಹಾಕುವೆನೆಂದ ಮೇಲೆ ಒಬ್ಬೊಬ್ಬರೇ ಮೆತ್ತಗಾದರು.

ಕೊನೆಗೆ ಗಂಗಕ್ಕನ ಮನೆಗೆ ಹೋದೆ. ಅಪ್ಪಣೆ ಕೇಳಲು ಅಲ್ಲಿ ಏನೂ ಇರಲಿಲ್ಲ, ಸುದ್ದಿ ಹೇಳಿ ಬರೋಣವೆಂದು ಹೋದದ್ದು. ಗಂಗಕ್ಕ ಕುಡಿಯಲು ಆಸರಿ ಕೊಟ್ಟು, ಜಗಲಿಯಲ್ಲಿ ನನ್ನೆದುರು ಕುಳಿತರು.

"ಬರ್ಕ ತಮಾ," ಎಂದರು. "ಮರದ ದಾರಿ ಎನ್ನ ತಲೇಲಿ ಮಾತ್ರ ಇದ್ರೆ, ಎನ್ನ ಜೊತಿಗೇ ಹೋಗ್ತು."

ಹಳ್ಳ ದಾಟುವ ಸಂಕದಿಂದ ಶುರುಮಾಡಿ, ಎಡದ ಏರು, ಹುತ್ತ, ಎರಡು ಬಂಡೆಯ ನಡುವಿನ ಕಾಲುದಾರಿ ಎಂದು ಒಂದೊಂದೇ ಹೇಳಿದರು. ನಾನು ಬರೆದುಕೊಂಡೆ. ಓದಿಸಿ ಕೇಳಿ, ಒಂದೆಡೆ ತಿದ್ದಿಸಿದರು. ಅಷ್ಟರಲ್ಲಿ ಅವರು ಮಾತು ನಿಲ್ಲಿಸಿ ಒಳಬಾಗಿಲ ಕಡೆ ನೋಡಿದರು. ಅಲ್ಲಿ ಅವರ ಸೊಸೆ ಖಾಲಿ ಲೋಟಕ್ಕೆಂದು ಬಂದವಳು ನಿಂತುಬಿಟ್ಟಿದ್ದಳು. ಆ ಮನೆಗೆ ಬಂದು ಇಪ್ಪತ್ತೆರಡು ವರ್ಷ, ಪ್ರತಿವರ್ಷ ಆ ಮಿಡಿಗೆ ಉಪ್ಪು ಹಾಕಿದವಳು ಅವಳೇ. ಮರದ ದಾರಿ ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು.

ಗಂಗಕ್ಕ ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಕೂತರು.

"ನೀನೂ ಬಾ, ಕೂತ್ಕ," ಎಂದರು. "ಮೊದ್ಲಿಂದ ಹೇಳ್ತೆ."