ಬಿಡುಗಡೆ ಎಂದು ಬರೆದ ಹಕ್ಕಿ

ಕೋವಿಡ್ ಕಳೆದ ಮರುವರ್ಷ ನಾನು ವಲಸೆ ಹಕ್ಕಿಗಳ ಅಧ್ಯಯನವೊಂದರಲ್ಲಿ ಫೀಲ್ಡ್ ಅಸಿಸ್ಟೆಂಟ್ ಆಗಿದ್ದೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಮುಗಿಸಿ ಜಗಳೂರಿನ ಕುರುಚಲು ಕಾಡಿಗೆ ಬಂದಿದ್ದೆವು. ಕೂದಲೆಳೆಯಂಥ ನೈಲಾನ್ ಬಲೆ ಕಟ್ಟುವುದು, ಸಿಕ್ಕ ಹಕ್ಕಿಯ ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಡುವುದು ನಮ್ಮ ಕೆಲಸ. ಮುಂದೆ ಅದೇ ನಂಬರು ಸಿಕ್ಕರೆ ಅದೇ ಹಕ್ಕಿ ಮರಳಿ ಬಂದಿದೆ ಎಂದು ತಿಳಿಯುತ್ತದೆ. ಗಾಳಿ ಎದ್ದರೆ ಮಾತ್ರ ಬಲೆ ಸುತ್ತಿಡಲೇಬೇಕು.

ಆ ಚಳಿಗಾಲ ಜಾಲಿ ಪೊದೆಯೊಂದರ ಬಳಿ ಕೆಂಪು ಕತ್ತಿನ ನೊಣಹಿಡುಕಕ್ಕೆ ಉಂಗುರ ಹಾಕಿದೆ. ಹತ್ತು ಗ್ರಾಂ ತೂಗುವ ಜೀವ. ಯುರೋಪಿನ ಕಾಡುಗಳಲ್ಲಿ ಮರಿ ಮಾಡಿ ಚಳಿಗೆ ನಮ್ಮ ಕಡೆ ಬರುತ್ತದೆ. ಮರುವರ್ಷ ಅದೇ ಪೊದೆಯಲ್ಲಿ ಉಂಗುರವಿದ್ದ ನೊಣಹಿಡುಕ ಕಂಡಿತು. ನಂಬರು ಓದುವ ಆಸೆ ತಡೆಯಲಾಗಲಿಲ್ಲ. ಗಾಳಿ ಎದ್ದರೂ ನಾನು ಬಲೆ ಸುತ್ತಲಿಲ್ಲ.

ಹಕ್ಕಿ ಬಲೆಗೆ ಬಿತ್ತು. ಗಾಳಿಗೆ ಬಲೆ ಹೊಸೆದುಕೊಂಡು ಎಳೆಯೊಂದು ಕತ್ತಿಗೆ ಬಿಗಿದಿತ್ತು. ಅಲ್ಲೇ ಕುರಿ ಮೇಯಿಸುತ್ತಿದ್ದ ಹನುಮಕ್ಕ ಓಡಿ ಬಂದು, ಕಾಲಿನ ಮುಳ್ಳು ಕೀಳಲು ಸೊಂಟಕ್ಕೆ ಕಟ್ಟಿಕೊಂಡಿದ್ದ ಚಿಮಟ ನನ್ನ ಕೈಗಿಟ್ಟರು.

“ಮೊದ್ಲು ದಾರ ಬಿಡಿಸ್ರೀ! ಕಾಲು ಏನ್ ನೋಡ್ತೀರಿ?”

ನಾನು ಕಾಲನ್ನೇ ನೋಡುತ್ತಿದ್ದೆ. ನಂಬರು ಓದಿ ಮುಗಿಸುವಷ್ಟರಲ್ಲಿ ಅದರ ಕತ್ತು ನನ್ನ ಬೆರಳ ಮೇಲೆ ವಾಲಿತು. ಅದೇ ಹಕ್ಕಿ. ಇಬ್ಬರೂ ಸೇರಿ ಪೊದೆಯ ಬುಡದಲ್ಲಿ ಮಣ್ಣು ಮಾಡಿದೆವು. ಕೆಲಸ ಹೋದೀತೆಂಬ ಭಯಕ್ಕೆ ರಿಜಿಸ್ಟರಿನಲ್ಲಿ ‘ಬಿಡುಗಡೆ’ ಎಂದು ಬರೆದೆ.

ಅದೇ ಪೊದೆಗೆ ಮರಳಿದ ಹಕ್ಕಿಯೆಂದು ಎಲ್ಲರೂ ಹೊಗಳಿದರು. ಅಲ್ಲಿಂದ ಶುರುವಾಯಿತು ನನ್ನ ಪೇಚು. ಮುಂದಿನ ಚಳಿಗಾಲ ನಮ್ಮ ಹಿರಿಯ ವಿಜ್ಞಾನಿ ಮೇಡಂ ಆ ಹಕ್ಕಿಯನ್ನು ನೋಡಲೆಂದೇ ಬಂದರು. ನಾನೇ ಹೂತಿಟ್ಟ ಹಕ್ಕಿಗಾಗಿ ಅದೇ ಪೊದೆಯ ಮುಂದೆ ಬಲೆ ಕಟ್ಟಿ ನಾಲ್ಕು ದಿನ ಕಾದೆ. ಗಂಟಲಲ್ಲಿ ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಹೋಗಿ ಬಲೆ ನೋಡಿ ಬಂದು, “ಇಲ್ಲ ಮೇಡಂ” ಎನ್ನುತ್ತಿದ್ದೆ.

ಐದನೆಯ ದಿನ ಮೇಡಂ ಪೊದೆಗಳನ್ನು ನೋಡುತ್ತ ಹೇಳಿದರು: “ಕುರಿಗಳು ಮೇದು ಪೊದೆ ಹಾಳಾಗಿದೆ, ಅದಕ್ಕೇ ಹಕ್ಕಿ ಬಂದಿಲ್ಲ. ಇಲ್ಲಿ ಕುರಿ ಬಿಡಬಾರದು ಅಂತ ಅರಣ್ಯ ಇಲಾಖೆಗೆ ಬರೆಯೋಣ.”

ಕುರಿಗಳ ನಡುವೆ ನಿಂತಿದ್ದ ಹನುಮಕ್ಕ ನನ್ನತ್ತ ತಿರುಗಿದರು. ಹಕ್ಕಿ ಸತ್ತ ವಿಷಯವಾಗಿ ಅವರು ವರ್ಷವಿಡೀ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

“ನೀವ್ ಹೇಳ್ತೀರೇನ್ರೀ, ಇಲ್ಲಾ ನಾನೇ ಹೇಳ್ಬೇಕೇನು?”

ನಾನೇ ಹೇಳಿದೆ. ಮೇಡಂ ರಿಜಿಸ್ಟರು ತರಿಸಿ, ನನ್ನ ಕೈಯಿಂದಲೇ ‘ಬಿಡುಗಡೆ’ ಎಂಬ ಪದ ಹೊಡೆದುಹಾಕಿಸಿ ಸಹಿ ಮಾಡಿಸಿದರು. ಇಲಾಖೆಗೆ ಪತ್ರ ಹೋಗಲಿಲ್ಲ. ಆ ವರ್ಷ ನನ್ನ ಗುತ್ತಿಗೆಯೂ ಮುಂದುವರಿಯಲಿಲ್ಲ.

ಈಗ ಬೇರೊಂದು ತಂಡದಲ್ಲಿ ಹೊಸಬರಿಗೆ ತರಬೇತಿ ಕೊಡುತ್ತೇನೆ. ಉಂಗುರ ತೊಡಿಸುವುದು, ತೂಕ ಹಾಕುವುದು ಎಲ್ಲ ಆಮೇಲೆ. ಮೊದಲ ದಿನ ರಿಜಿಸ್ಟರು ಬರೆಯುವ ಅಭ್ಯಾಸಕ್ಕೆಂದು ಎಲ್ಲರ ಕೈಯಲ್ಲೂ ‘ನನ್ನ ತಪ್ಪಿನಿಂದ ಸತ್ತಿತು’ ಎಂದು ಒಂದು ಸಾಲು ಬರೆಸುತ್ತೇನೆ.