ಸೆಕೆಯಲ್ಲಿ ಕಟ್ಟಿದ ಮಂಜುಗಡ್ಡೆ

ಬೆವರು ಒಣಗಿ ಅವರ ನೀಲಿ ಅಂಗಿಯ ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆಗಳು ಮೂಡಿರುತ್ತಿದ್ದವು, ಕೆರೆಯ ನೀರು ಇಳಿದಾಗ ದಂಡೆಯಲ್ಲಿ ಉಳಿಯುವ ಗೆರೆಗಳ ಹಾಗೆ. ಮಸ್ಕತ್‌ನ ಅಲ್ ಖೌದ್‌ನಲ್ಲಿ ನಾನಿದ್ದ ಕಟ್ಟಡ ರಿಪೇರಿ ಕಂಪನಿಯಲ್ಲಿ ಅವರು ಎಸಿ ಫೋರ್‌ಮನ್. ಉಡುಪಿ ಕಡೆಯವರು, ಓದಿದ್ದು ಏಳನೇ ಕ್ಲಾಸು. ಕಾಗದದ ಮೇಲೆ ನನ್ನ ಕೈಕೆಳಗಿನವರು. ನನ್ನನ್ನು ‘ಇಂಜಿನಿಯರ್ರೇ’ ಎಂದು ಕರೆಯುತ್ತಿದ್ದರು. ಮೊದಮೊದಲು ಅದು ಚುಚ್ಚುಮಾತು ಅಂದುಕೊಂಡಿದ್ದೆ. ಯಾವ ಮನೆಗೆ ಹೋದರೂ ಸ್ಪ್ಯಾನರ್ ಮುಟ್ಟುವ ಮೊದಲು ಒಂದು ಲೋಟ ನೀರು ಕೇಳಿ, ಮನೆಯವರ ಜೊತೆ ಹತ್ತು ನಿಮಿಷ ಹರಟುವರು. ಅದು ಹೊತ್ತು ಕಳೆಯುವ ಉಪಾಯ ಎಂದೂ ಅಂದುಕೊಂಡಿದ್ದೆ.

ಅಪ್ಪ ಗದಗಿನಲ್ಲಿ ಹಮಾಲಿ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಆ ಹೆಮ್ಮೆ ಈಗಲೂ ಇದೆ, ಮುಚ್ಚಿಡುವುದಿಲ್ಲ. ಆದರೆ ಅವು ತೈಲದ ಬೆಲೆ ಬಿದ್ದ ವರ್ಷಗಳು. ವಾರ ವಾರವೂ ಯಾರಾದರೂ ಕೆಲಸ ಕಳೆದುಕೊಂಡು ಊರಿಗೆ ಹೊರಡುತ್ತಿದ್ದರು. ಒಂದು ತಪ್ಪು ಸಾಕಿತ್ತು. ತಂಗಿಯ ಓದು ನನ್ನ ಸಂಬಳದ ಮೇಲೆ ನಿಂತಿತ್ತು.

ಅಲ್ ಹೈಲ್‌ನ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ ದಿನಾ ಬೆಳಿಗ್ಗೆ ಚಾವಣಿಯಿಂದ ನೀರು ಸೋರುತ್ತಿದೆ ಎಂದು ದೂರು ಬಂತು. ಮನೆಯೊಳಗೆ ಹೋಗಿ ಚಾವಣಿಯನ್ನೊಮ್ಮೆ ನೋಡಿ, ಯಾರನ್ನೂ ಏನೂ ಕೇಳದೆ ನೇರ ತಾರಸಿಗೆ ಹತ್ತಿದೆ. ಬಿರುಕು ಕಂಡಿತು. ತಾರಸಿಯ ಟೈಲ್ಸ್ ಎಲ್ಲ ಒಡೆದು ಹೊಸದಾಗಿ ಹಾಕಬೇಕು ಎಂದು ವರದಿ ಬರೆದು, ಸಹಿ ಹಾಕಿ, ಮ್ಯಾನೇಜರ್ ಮೇಜಿನ ಟ್ರೇಯಲ್ಲಿಟ್ಟೆ.

ಮಾರನೇ ದಿನ ಫೋರ್‌ಮನ್ನರು ನನ್ನ ಮುಂದೆ ನಿಂತರು. ಕೈಯಲ್ಲಿ ಅದೇ ವರದಿ.

“ಮಳೆ ಬಂದು ಎಷ್ಟು ದಿನ ಆಯ್ತು, ಇಂಜಿನಿಯರ್ರೇ?”

“ಎರಡು ತಿಂಗಳಾತ್ರೀ.”

“ಮತ್ತೆ ನೀರು ಎಲ್ಲಿಂದ ಬರ್ಲಿಕ್ಕೆ? ಮ್ಯಾನೇಜರ್ ಇನ್ನೂ ನೋಡ್ಲಿಲ್ಲ. ಬನ್ನಿ, ಯಲ್ಲಾ, ಹೊರಡುವ.”

ಆ ಮನೆಯಾಕೆ ಮೈಸೂರಿನವರು. ಫೋರ್‌ಮನ್ನರು ನೀರು ಕುಡಿದು, “ಎಂತಮ್ಮ, ಸಾಮಾನೆಲ್ಲ ಕಟ್ಟಿದ ಹಾಗುಂಟು?” ಎಂದರು.

“ಯಜಮಾನ್ರಿಗೆ ಕೆಲ್ಸ ಹೋಯ್ತಲ್ಲ. ಮುಂದಿನ ವಾರ ಹೊರಡ್ಬೇಕು.”

ಹಜಾರದ ಗೋಡೆಗೆ ಒತ್ತಿ ಆಳೆತ್ತರ ರಟ್ಟಿನ ಪೆಟ್ಟಿಗೆಗಳು. ಹಿಂದಿನ ದಿನ ನಾನು ಅವುಗಳ ಪಕ್ಕದಲ್ಲೇ ಹಾದು ಹೋಗಿದ್ದೆ. ಫೋರ್‌ಮನ್ನರು ಒಂದನ್ನು ಸರಿಸಿದರು. ಹಿಂದೆ ಗೋಡೆಯಲ್ಲಿ ಕಬ್ಬಿಣದ ಜಾಲರಿ: ಮನೆಯ ಗಾಳಿಯನ್ನು ಎಸಿ ಒಳಕ್ಕೆ ಎಳೆದುಕೊಳ್ಳುವ ಬಾಯಿ.

ತಾರಸಿಯ ಮೇಲೆ ಚಪ್ಪಲಿ ಅಂಟುವಷ್ಟು ಬಿಸಿಲು. ಅವರು ಅಲ್ಲಿ ಕೂರಿಸಿದ್ದ ಆ ಮನೆಯ ಎಸಿ ಯಂತ್ರದ ಪಕ್ಕದ ತಗಡು ಬಿಚ್ಚಿದರು. ಒಳಗೆ ಕೊಳವೆಗಳ ಸುತ್ತ ಬೆಳ್ಳಗೆ, ಬೆರಳು ದಪ್ಪದ ಮಂಜುಗಡ್ಡೆ. ಆ ಸೆಕೆಯಲ್ಲಿ ಅದರ ತಂಪು ನನ್ನ ಮುಖಕ್ಕೆ ಹೊಡೆಯಿತು.

“ಗಾಳಿ ಸಿಕ್ಕದಿದ್ರೆ ಹೀಗೆ. ರಾತ್ರಿಯಿಡೀ ಗಡ್ಡೆ ಕಟ್ತದೆ, ಬೆಳಿಗ್ಗೆ ಎಸಿ ಆಫ್ ಮಾಡಿದ ಮೇಲೆ ಕರಗ್ತದೆ. ಇವತ್ತು ಇನ್ನೂ ಆಫ್ ಮಾಡ್ಲಿಲ್ಲ. ಕೆಳಗಿನ ತಟ್ಟೆ ತುಂಬಿ, ಗಾಳಿಯ ದಾರಿಯಲ್ಲಿ ನೀರು ಮನೆಗೆ ಇಳೀತದೆ. ಪಾಪ, ತಾರಸಿ ಎಂತ ಮಾಡಿದೆ?”

ಕೆಳಗಿಳಿದು ಪೆಟ್ಟಿಗೆಗಳನ್ನೆಲ್ಲ ಅವರೇ ಕೋಣೆಗೆ ಸಾಗಿಸಿದರು. ಮನೆಯಾಕೆ ಅಳುಮುಖ ಮಾಡಿಕೊಂಡು, “ನಮ್ಮಿಂದ್ಲೇ ಆಯ್ತಾ?” ಎಂದಾಗ, “ಊರಿಗೆ ಹೊರಟವರು ಪೆಟ್ಟಿಗೆಯನ್ನು ತಲೆ ಮೇಲೆ ಇಟ್ಕೊಳ್ಲಿಕ್ಕಾಗ್ತದಾ? ಇದ್ರಲ್ಲಿ ಎಂತದ್ದಮ್ಮ, ಇಷ್ಟು ಭಾರ? ಗ್ರೈಂಡರಾ?” ಎಂದರು. ಆಕೆ ನಕ್ಕುಬಿಟ್ಟರು.

ಗಾಡಿಯಲ್ಲಿ ಕೂತ ಮೇಲೆ ವರದಿ ನನ್ನ ತೊಡೆಯ ಮೇಲಿಟ್ಟರು. “ಹರಿದು ಹಾಕಿ, ಹೊಸತು ಬರೀರಿ.”

“ಕಂಡುಹಿಡಿದವರು ನೀವಲ್ಲೇನ್ರೀ?”

“ನನಗೆ ಇಂಗ್ಲಿಷ್ ಬರೀಲಿಕ್ಕೆ ಬರುದಿಲ್ಲ ಮಾರಾಯ. ಇನ್ನು ಮೇಲೆ ಮನೆಯವರ ಹತ್ರ ಮಾತಾಡದೆ ಮೇಲೆ ಹತ್ಬೇಡಿ. ಅಷ್ಟು ಸಾಕು.”

ಹೊಸ ವರದಿಯಲ್ಲಿ ಅವರ ಹೆಸರು ಬರೆಯಲಿಲ್ಲ. ಭಯ. ತಿಂಗಳೊಳಗೆ ಊರಿಗೆ ಕಳಿಸುವವರ ಪಟ್ಟಿಯಲ್ಲಿ ಅವರ ಹೆಸರು ಬಂತು. ಆಗ ಮ್ಯಾನೇಜರ್ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ತಲೆ ಎತ್ತದೆ, “ಖಲಾಸ್, ಪೇಪರ್ ಹೋಗಿಯಾಯಿತು” ಎಂದರು. ವಿಷಯ ತಿಳಿದು ಫೋರ್‌ಮನ್ನರು ನನ್ನನ್ನೇ ಬೈದರು: “ನಿಮ್ಮ ತಂಗಿಯ ಫೀಸು ನಾನು ಕಟ್ಲಿಕ್ಕುಂಟಾ?”

ತಂಗಿ ಬಿ.ಎಸ್ಸಿ. ಮುಗಿಸಿದಳು. ಸುದ್ದಿ ಹೇಳಲು ಊರಿಗೆ ಹೋಗಿದ್ದ ಫೋರ್‌ಮನ್ನರ ಮನೆಗೆ ಫೋನ್ ಮಾಡಿದೆ. ಎತ್ತಿದವರು ಅವರ ಹೆಂಡತಿ. ಅವರು ತೀರಿಹೋಗಿ ಮೂರು ತಿಂಗಳಾಯಿತು ಎಂದರು.

“ನೀವು ಯಾರು ಅಂತ ಗೊತ್ತಾಗ್ಲಿಲ್ಲ,” ಎಂದರು.

“ಮಸ್ಕತ್‌ನಾಗ ಅವರ ಕೈಕೆಳಗ ಕೆಲಸ ಕಲಿತಾಂವರೀ,” ಎಂದೆ.