ಕುಬೇರಪ್ಪ ಮಾಸ್ತರರ ಸವಾರಿ ಬಂಡಿ

ಕುಬಿಹಾಳದ ಕನ್ನಡ ಶಾಲೆಯ ಕುಬೇರಪ್ಪ ಮಾಸ್ತರರೆಂದರೆ ಗಟ್ಟಿ ದನಿಯ ಮನುಷ್ಯ. ಅವರು ಮಗ್ಗಿ ಹೇಳಿಸಿದರೆ ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುವವರಿಗೂ ಕೇಳಿಸುತ್ತಿತ್ತು. ಅಂಥವರು ೧೯೮೪ರ ಸಂಕ್ರಾಂತಿಯ ಹೊತ್ತಿಗೆ ತಂಗಿ ರೇವವ್ವ ಕಾಮಾಲೆಯಿಂದ ತೀರಿಕೊಂಡ ಮೇಲೆ ಮಾತನ್ನೇ ಬಿಟ್ಟರು. ಊಟಕ್ಕೆ ಕೂತರೆ ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡಿರುವರು. ಹುಬ್ಬಳ್ಳಿಯ ಡಾಕ್ಟರು ಗುಳಿಗೆ ಕೊಟ್ಟರು. ನಿದ್ದೆಯೇನೋ ಬಂತು, ಆದರೆ ಎದ್ದಾಗ ಎದೆಯ ಭಾರ ಅಲ್ಲೇ ಇರುತ್ತಿತ್ತು.

ರೇವವ್ವನನ್ನು ಯರಗುಪ್ಪಿಗೆ ಕೊಟ್ಟಿತ್ತು. ತಂದೆತಾಯಿ ಹೋದ ಮೇಲೆ ಅವಳಿಗೆ ತವರೆಂದರೆ ಅಣ್ಣನೊಬ್ಬನೇ. ಪ್ರತಿ ವರ್ಷ ನಾಗರ ಪಂಚಮಿಗೆ ಮಾಸ್ತರರೇ ಹೋಗಿ ಕರೆತರುತ್ತಿದ್ದರು. ಮೊದಲು ತಂದೆಯ ಕಾಲದ ಸವಾರಿ ಬಂಡಿಯಲ್ಲಿ. ಊರಿಗೆ ಬಸ್ಸು ಬಂದ ಮೇಲೆ ಬಸ್ಸಿನಲ್ಲಿ. ಬಂಡಿ ಹಿತ್ತಲಿನ ಬಣವೆಯ ಹಿಂದೆ ಮೂಲೆ ಸೇರಿತು.

“ಯಣ್ಣಾ, ಮುಂದಿನ ವರ್ಷರ ಬಂಡಿ ಕಟ್ಕೊಂಡ ಬಾ. ಬಸ್ನ್ಯಾಗ ಬಂದ್ರ ತವರಿಗಿ ಬಂದಂಗ ಅನಸಂಗಿಲ್ಲ,” ಎಂದು ಅವಳು ಪ್ರತಿ ಸಲ ಹೇಳುವಳು. ಇವರು ನಕ್ಕುಬಿಡುವರು.

೮೩ರ ಪಂಚಮಿಗೆ ಧಾರವಾಡದಲ್ಲಿ ಮಾಸ್ತರರಿಗೆ ತರಬೇತಿ ಇತ್ತು. ‘ಈ ಸಲ ಬರಲು ಆಗುವುದಿಲ್ಲ, ಬರುವ ವರ್ಷ ಖಂಡಿತ’ ಎಂದು ಕಾರ್ಡು ಬರೆದು ಹಾಕಿದರು. ಬರುವ ವರ್ಷಕ್ಕೆ ತಂಗಿಯೇ ಇರಲಿಲ್ಲ. ಆ ಪಂಚಮಿಗೆ ಅವರು ಯರಗುಪ್ಪಿಯ ದಾರಿಯನ್ನೇ ತುಳಿಯಲಿಲ್ಲ.

ಅದೇ ವರ್ಷದ ದೀಪಾವಳಿ ಕಳೆದ ಮೇಲೆ ಹೊಸ ಬಣವೆಗೆ ಜಾಗ ಬೇಕಾಯಿತು. ಬಂಡಿಯನ್ನು ಒಡೆದು ಒಲೆಗೆ ಹಾಕೋಣವೆಂದು ಮಾಸ್ತರರ ಹೆಂಡತಿ ಸಾವಿತ್ರೆವ್ವ ಬಡಿಗೇರ ತಿರಕಪ್ಪಜ್ಜನನ್ನು ಕರೆಸಿದಳು. ಎಪ್ಪತ್ತು ದಾಟಿದ ಮುದುಕ, ಎರಡೂ ಕಣ್ಣಿಗೆ ಪರೆ ಬಂದಿತ್ತು. ಅವನು ಬಂಡಿಯ ತುಂಬ ಅಂಗೈ ಆಡಿಸಿದ.

“ಇದನ್ನ ಒಡಿಬ್ಯಾಡ್ರೀ ಸಾವಿತ್ರೆವ್ವಾ. ನಮ್ಮಪ್ಪ ಮಾಡಿದ ಬಂಡಿ ಇದು. ಅಚ್ಚು ಇನ್ನೂ ಗಟ್ಟಿ ಐತಿ.”

ಬಾಗಿಲಲ್ಲಿ ನಿಂತಿದ್ದ ಮಾಸ್ತರರು ಎಷ್ಟೋ ದಿನದ ಮೇಲೆ ತಾವಾಗಿ ಬಾಯಿ ಬಿಟ್ಟರು. “ರಿಪೇರಿ ಆಕ್ಕೈತೇನಜ್ಜಾ?”

“ಆಕ್ಕೈತ್ರಿ. ಆದ್ರ ನನಗ ಕಣ್ಣ ಕಾಣಂಗಿಲ್ಲ. ನಾ ಹೇಳ್ತೀನಿ, ನೀವು ಮಾಡ್ರಿ.”

“ನಾ ಪೆನ್ಸಿಲ್ ಬಿಟ್ರ ಬ್ಯಾರೆ ಏನೂ ಹಿಡದಂವಲ್ಲ.”

“ಪೆನ್ಸಿಲ್ ಚೂಪ ಮಾಡ್ತೀರಲ್ರಿ, ಅಷ್ಟ ಸಾಕು.”

ಹೀಗೆ ಶುರುವಾಯಿತು. ಶಾಲೆ ಬಿಟ್ಟೊಡನೆ ಮಾಸ್ತರರು ಅಂಗಿಯ ತೋಳು ಮಡಚಿಕೊಂಡು ಹಿತ್ತಲಿಗೆ ಬರುವರು. ಅಜ್ಜ ಕಲ್ಲಿನ ಮೇಲೆ ಕೂತು ಹೇಳುವನು. ಮೊದಲ ವಾರ ಅಂಗೈ ತುಂಬ ಬೊಬ್ಬೆಗಳೆದ್ದವು. ಗಾಲಿಯ ನಡುವಿನಿಂದ ಅಂಚಿಗೆ ಹಾಯುವ ಅರಗಳಲ್ಲಿ ಆರು ಮುರಿದಿದ್ದವು. ಜಾಲಿ ಕಟ್ಟಿಗೆಯಲ್ಲಿ ಒಂದೊಂದನ್ನೇ ಹೊಸದಾಗಿ ಕೆತ್ತಬೇಕಿತ್ತು. ಎರಡನೆಯ ಅರವನ್ನು ಅಜ್ಜ ಬೆರಳಿನಿಂದ ಅಳೆದು “ಗಿಡ್ಡ ಆತ್ರಿ” ಎಂದು ಬದಿಗಿಟ್ಟ. ಮರುದಿನ ಮಾಡಿದ್ದೂ ಗಿಡ್ಡವೇ. ಮಾಸ್ತರರಿಗೆ ಸಿಟ್ಟು ಬಂತು, ಉಳಿ ಬಿಸಾಡಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ತಾವೇ ತಿರುಗಿ ಬಂದು ಮತ್ತೊಂದು ತುಂಡು ಎತ್ತಿಕೊಂಡರು.

ನಾಲ್ಕನೆಯ ಅರವನ್ನು ನಯ ಮಾಡುತ್ತಿದ್ದ ಸಂಜೆ, ತಲೆ ಎತ್ತದೆ ಅವರು ಹೇಳಿದರು: “ಆಕಿ ಬಂಡಿ ತಗೊಂಡ ಬಾ ಅಂತಿದ್ಲು. ನಾ ಕಾರ್ಡ್ ಬರದ ಹಾಕಿದೆ.”

ಅಜ್ಜ ಸಮಾಧಾನದ ಮಾತು ಆಡಲಿಲ್ಲ. “ನಮ್ಮಾಕಿ ಜೀವ ಬಿಡೂಮುಂದ ನಾ ಕುಂದಗೋಳ ಸಂತ್ಯಾಗ ಎಲಿಅಡಕಿ ಹಾಕ್ಕೊಂತ ನಿಂತಿದ್ದೆ,” ಎಂದ. “ಇಪ್ಪತ್ತು ವರ್ಷ ಆತ್ರಿ. ಯಾರ ಮುಂದೂ ಹೇಳಿದ್ದಿಲ್ಲ.” ಆಮೇಲೆ ಅರದ ಮೇಲೆ ಬೆರಳಾಡಿಸಿ, “ಇಲ್ಲಿ ಇನ್ನೊಂದೀಟ ತಗೀರಿ,” ಎಂದ.

ಅಂದು ಮಾಸ್ತರರು ಮೂರು ರೊಟ್ಟಿ ಉಂಡರು. ಸಾವಿತ್ರೆವ್ವ ನೋಡಿಯೂ ನೋಡದಂತೆ ಪಲ್ಯ ಬಡಿಸಿದಳು. ಗುಳಿಗೆಯ ನೆನಪು ಇಬ್ಬರಿಗೂ ಆಗಲಿಲ್ಲ.

ಹೋಳಿ ಹುಣ್ಣಿಮೆ ಆದ ವಾರ ಗಾಲಿಯ ಸುತ್ತ ಕಬ್ಬಿಣದ ಹಳಿ ಏರಿಸಿದರು. ಸಗಣಿ ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾದ ಹಳಿಯನ್ನು ನಾಲ್ಕು ಮಂದಿ ಇಕ್ಕಳದಲ್ಲಿ ಹಿಡಿದು ಗಾಲಿಯ ಮೇಲೆ ಕೂಡಿಸಿದಾಗ ಕಟ್ಟಿಗೆ ಹೊಗೆಯಾಡಿತು. “ನೀರ ಹಾಕ್ರಿ, ಈ ಕಡೆ, ಈ ಕಡೆ ಹಾಕ್ರಿ,” ಎಂದು ಮಾಸ್ತರರು ಕೂಗಿದರು. ನೀರು ಬಿದ್ದು ಹಳಿ ಬಿಗಿಯುತ್ತ ಬಂದ ಹಾಗೆ ಅರಗಳು ಕರಕರ ಎಂದು ತಮ್ಮ ಜಾಗದಲ್ಲಿ ಕೂತವು. ಅಡಿಗೆಮನೆಯಲ್ಲಿದ್ದ ಸಾವಿತ್ರೆವ್ವ ಕೈಯಲ್ಲಿನ ಸೌಟು ಹಿಡಿದೇ ನಿಂತಳು. ಗಂಡನ ಆ ದನಿ ಕೇಳಿ ಅವಳಿಗೆ ಒಂದು ವರ್ಷದ ಮೇಲಾಗಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಎಲ್ಲರಿಗೂ ಚಹಾಕ್ಕೆ ಇಟ್ಟಳು.

ಪಂಚಮಿಯ ಹಿಂದಿನ ದಿನ ಮಾಸ್ತರರು ಎತ್ತು ಹೂಡಿಕೊಂಡು ಯರಗುಪ್ಪಿಗೆ ಹೋದರು. ರೇವವ್ವನ ಗಂಡ ಈರಬಸಪ್ಪ ಕಟ್ಟೆಯ ಮೇಲಿದ್ದ. ಬಂಡಿಯನ್ನು ನೋಡಿ ಅವನ ಮುಖ ಬಾಡಿತು. “ಆಕಿ ಇದ್ದಾಗ ಬರಬೇಕಾಗಿತ್ತು,” ಎಂದ. ಮಾಸ್ತರರು ತಲೆ ತಗ್ಗಿಸಿ, “ಹೌದು,” ಎಂದರು. “ಗುರವ್ವನ್ನ ಕರಕೊಂಡ ಹೋಗಾಕ ಬಂದೀನಿ.”

ರೇವವ್ವನ ಮಗಳು ಗುರವ್ವನಿಗೆ ಎಂಟು ವರ್ಷ. ಗಂಟು ಎದೆಗವಚಿಕೊಂಡು ಹೊರಗೆ ಬಂದು ಕೇಳಿದಳು: “ಹ್ವಾದ ವರ್ಷ ಯಾಕ ಬರಲಿಲ್ಲ ಮಾಮಾ? ನಾ ಬಸ್ಸ್‌ಸ್ಟ್ಯಾಂಡಿಗಿ ಹೋಗಿ ನಿಂತಿದ್ದೆ.”

“ಬರಾಕ ಧೈರ್ಯ ಆಗಲಿಲ್ಲವ್ವಾ,” ಎಂದರು ಅವರು. ಆಕೆ ಗಂಟನ್ನು ಅವರ ಕೈಗೆ ಕೊಟ್ಟು ಬಂಡಿ ಹತ್ತಿದಳು.

ದಾರಿಯಲ್ಲಿ ದಾಟಬೇಕಾದ ಬೆಣ್ಣಿಹಳ್ಳದಲ್ಲಿ ಮೊಣಕಾಲುಮಟ ನೀರಿತ್ತು. ಎತ್ತು ನೀರಿಗಿಳಿದು ಬಂಡಿ ಒಂದು ಬದಿಗೆ ವಾಲಿದಾಗ ಮಾಸ್ತರರು ಹಿಂದಕ್ಕೆ ತಿರುಗದೆ, “ರೇವವ್ವಾ, ಗಟ್ಟಿ ಹಿಡ್ಕೋ,” ಎಂದುಬಿಟ್ಟರು.

“ನಾ ಗುರವ್ವ, ಮಾಮಾ.”

“ಹೌದವ್ವಾ. ನೀ ಗುರವ್ವ.”

ಗಾಲಿಗಳು ಅಲುಗದೆ ಆಚೆ ದಂಡೆ ಹತ್ತಿದವು. ಎರಡೂ ಕಡೆ ಎರೆ ಹೊಲಗಳಲ್ಲಿ ಹೆಸರಿನ ಪೈರು ಹಸಿರಾಗಿ ನಿಂತಿತ್ತು. ಹಿಂದೆ ಹುಡುಗಿ ತನ್ನಷ್ಟಕ್ಕೆ ಏನೋ ಗುನುಗತೊಡಗಿದಳು. ಮಾಸ್ತರರು ಹಗ್ಗ ಸಡಿಲ ಬಿಟ್ಟು ಎತ್ತುಗಳನ್ನು ಅವುಗಳ ನಡಿಗೆಗೇ ಬಿಟ್ಟರು. ಊರು ಇನ್ನೂ ಸ್ವಲ್ಪ ದೂರವಿದ್ದಿದ್ದರೆ ಚೆನ್ನಾಗಿತ್ತು ಎಂದು ಅವರಿಗೆ ಅನಿಸಿತು.